ಬೆಳವಣಕಿ ದಾರಿಯಲ್ಲಿ ಏರಿದ ಮುಳ್ಳು

ಆ ಬೇಸಿಗೆಯಲ್ಲಿ ನಾನು ರಸ್ತೆ ನೋಡಿ ಗಾಡಿ ಓಡಿಸಿದ್ದು ಕಡಿಮೆ. ಸ್ಟೇರಿಂಗಿನ ಹಿಂದೆ, ಎಂಜಿನ್ ಎಷ್ಟು ಕಾದಿದೆ ಎಂದು ತೋರಿಸುವ ಬೆರಳುದ್ದದ ಮುಳ್ಳೊಂದಿರುತ್ತದಲ್ಲ, ಅದನ್ನೇ ನೋಡುತ್ತ ಓಡಿಸಿದೆ. ಮುಳ್ಳು ನಡುಮಧ್ಯೆ ನಿಂತಿದ್ದರೆ ನನ್ನ ಉಸಿರೂ ಸರಿಯಾಗಿರುತ್ತಿತ್ತು. ಒಂದು ಗೆರೆ ಮೇಲೆ ಹೋದರೆ ಅಂಗೈ ಬೆವರುತ್ತಿತ್ತು. ಕೆಂಪು ಪಟ್ಟಿಯ ಹತ್ತಿರ ಬಂತೆಂದರೆ ನನಗೆ ಯಾರ ಮಾತೂ ಬೇಡ. ಪಕ್ಕದಲ್ಲಿ ಕೂತ ಅಕ್ಕ ಮಾತ್ರ ಮುಳ್ಳಿನ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ನನ್ನ ಮುಖ ನೋಡಿಯೇ ಅವಳು ಎಂಜಿನ್ನಿನ ಬಿಸಿ ಹೇಳುತ್ತಿದ್ದಳು.

ಅಕ್ಕನ ಮನೆ ಬೆಳವಣಕಿ, ನನ್ನದು ರೋಣ. ಎರಡು ವರ್ಷದ ಹಿಂದೆ ಅವಳ ಎರಡೂ ಮೂತ್ರಪಿಂಡ ಕೈಕೊಟ್ಟವು. ಅಂದಿನಿಂದ ಸೋಮವಾರ ಮತ್ತು ಗುರುವಾರ ನರಗುಂದಕ್ಕೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳಬೇಕು. ಬೆಳಿಗ್ಗೆ ಹತ್ತಕ್ಕೆ ಅವಳ ಪಾಳಿ. ನಾಲ್ಕು ತಾಸು ಯಂತ್ರಕ್ಕೆ ತೋಳು ಕೊಟ್ಟು ಮಲಗಬೇಕು. ಎರಡಕ್ಕೆ ಇನ್ನೊಬ್ಬರ ಪಾಳಿ. ಅವರೂ ಇಷ್ಟೇ ದೂರದಿಂದ, ಇಷ್ಟೇ ಕಷ್ಟದಿಂದ ಬಂದಿರುತ್ತಾರೆ. ಹಾಗಾಗಿ ನಾವು ತಡವಾಗಿ ಹೋದಷ್ಟು ನಮ್ಮ ತಾಸೇ ಕಡಿಮೆಯಾಗುತ್ತದೆ, ಕಡಿಮೆಯಾದಷ್ಟು ಅವಳ ಮೈಯೊಳಗೆ ನೀರು ಉಳಿಯುತ್ತದೆ. ಅವಳ ಮಗ ಗೋವಾದಲ್ಲಿ ಗಾರೆ ಕೆಲಸಕ್ಕೆ ಹೋದವನು, ಸೊಸೆ ಹೊಲದ ಕೂಲಿಗೆ ಹೋಗುವವಳು. ನನ್ನ ಮನೆಗೇ ಬಂದಿರು ಅಂದರೆ, ನನ್ನದು ಅಂಗಡಿಯ ಮೇಲಿನ ಮಾಳಿಗೆ, ಆ ಕಡಿದಾದ ಮೆಟ್ಟಿಲು ಅವಳಿಂದ ಆಗುವುದಿಲ್ಲ. ಬಸ್ಸಿದೆ, ಹೋಗುವಾಗ ಹೇಗೋ ನಡೆಯುತ್ತದೆ. ಬರುವಾಗ ಅವಳಿಗೆ ಕಣ್ಣು ಕತ್ತಲೆ ಬರುತ್ತದೆ. "ನಾ ಇದ್ದೀನಲ್ಲ, ನನ್ನ ಗಾಡಿ ಐತಲ್ಲ" ಎಂದು ಎಲ್ಲರೆದುರು ಎದೆ ತಟ್ಟಿಕೊಂಡವನು ನಾನೇ.

ಗಾಡಿ ಅಂದರೆ ಹದಿನೇಳು ವರ್ಷದ ಕಾರು. ನಿವೃತ್ತರಾದ ಉಪನ್ಯಾಸಕರೊಬ್ಬರಿಂದ ಕೊಂಡದ್ದು. ಬಿಳಿ ಬಣ್ಣ ಅಂತ ಪುಸ್ತಕದಲ್ಲಿದೆ, ನೋಡಲು ಈಗ ಎಲೆ ಅಡಿಕೆ ತಿನ್ನುವವರ ಹಲ್ಲಿನ ಬಣ್ಣ. ರೋಣದ ಕಚೇರಿ ಓಣಿಯಲ್ಲಿ ನನ್ನ ಜೆರಾಕ್ಸ್ ಅಂಗಡಿ. ಇಷ್ಟು ವರ್ಷ ಆ ಯಂತ್ರವನ್ನು ನಾನೇ ಬಿಚ್ಚಿ, ನಾನೇ ಜೋಡಿಸಿ ನಡೆಸಿಕೊಂಡು ಬಂದವನಾದ್ದರಿಂದ ಯಂತ್ರಗಳ ಬಗ್ಗೆ ನನಗೆ ತುಸು ಸೊಕ್ಕು. ಸೊಕ್ಕು ಇಳಿಯಲು ಎರಡು ತಿಂಗಳು ಸಾಕಾಯಿತು.

ಮೊದಲ ಸಲ ಮುಳ್ಳು ಏರಿದ್ದು ಶಿವರಾತ್ರಿಯಾಗಿ ಎಂಟು ದಿನಕ್ಕೆ. ಅಕ್ಕನನ್ನು ಹತ್ತಿಸಿಕೊಂಡು ಬೆಳವಣಕಿ ದಾಟಿ ಮೂರ್ನಾಲ್ಕು ಮೈಲಿ ಹೋಗಿರಬೇಕು. ಬಾನೆಟ್ಟಿನ ಸಂದಿಯಿಂದ ಆವಿ ಬಂತು. ಒಂದು ಜಾಲಿ ಗಿಡದ ನೆರಳಿಗೆ ನಿಲ್ಲಿಸಿದೆ. ನಮ್ಮ ಕಡೆ ರಸ್ತೆ ಬದಿ ಬಾನೆಟ್ ಎತ್ತಿ ನಿಂತರೆ ಹೋಗುವವರೆಲ್ಲ ನಿಲ್ಲುತ್ತಾರೆ. ನಿಂತವರೆಲ್ಲ ಡಾಕ್ಟರೇ. ಬೈಕಿನವನು "ನೀರ ಕಡಿಮಿ ಆಗ್ಯಾವ್ರಿ" ಅಂದ. ಕ್ರೂಸರ್ ಓಡಿಸುವವನು ಬಗ್ಗಿ ನೋಡಿ "ಫ್ಯಾನ್ ತಿರಗವಲ್ದು" ಅಂದ, ಅಷ್ಟರಲ್ಲಿ ಫ್ಯಾನು ಗರಗರ ತಿರುಗಿ ಅವನ ಮಾತು ಸುಳ್ಳು ಮಾಡಿತು. ಕುರಿ ಕಾಯುವ ಮುದುಕನೊಬ್ಬ ಕೋಲಿಗೆ ಗದ್ದ ಊರಿ ನಿಂತು, "ಈ ಬಿಸಲಿಗೆ ನನ್ನ ಕುರೀನ ನಿಂತ ಬಿಟ್ಟಾವು. ಪಾಪ, ಅದೂ ಒಂದೀಟ ನಿಂತ್ಕೊಳ್ಳಲಿ ಬಿಡ್ರಿ" ಎಂದ. ಅವತ್ತು ಬಂದ ಸಲಹೆಗಳಲ್ಲಿ ಅದೊಂದೇ ಕೆಲಸಕ್ಕೆ ಬಂತು.

ಪಕ್ಕದ ಹೊಲದಿಂದ ಒಬ್ಬ ಹೆಣ್ಣುಮಗಳು ಕರೆಯದೆಯೇ ಎರಡು ಕೊಡ ನೀರು ತಂದು ಇಳಿಸಿದಳು. ಎಂಜಿನ್ ಆರಿದ ಮೇಲೆ ಒದ್ದೆ ಗೋಣಿ ಹಿಡಿದು ಮುಚ್ಚಳ ತೆಗೆದು ನೀರು ಸುರಿದೆ. ರೇಡಿಯೇಟರ್ ಗಟಗಟ ಕುಡಿಯಿತು. ಅಕ್ಕ ಬಾಗಿಲು ತೆರೆದು, ಕಾಲು ಹೊರಗೆ ಚಾಚಿ ಕೂತು ಅದನ್ನೇ ನೋಡುತ್ತಿದ್ದಳು. ದಿನಕ್ಕೆ ಮೂರು ಲೋಟದ ಮೇಲೆ ಅವಳು ನೀರು ಕುಡಿಯುವಂತಿಲ್ಲ. ಮಾತ್ರೆ ನುಂಗುವ ನೀರೂ ಆ ಲೆಕ್ಕದಲ್ಲೇ ಬರುತ್ತದೆ.

"ನಿನ್ನ ಗಾಡಿದ ಪುಣ್ಯ ನೋಡೋ ತಮ್ಮಾ," ಎಂದಳು ನಗುತ್ತ. "ಅದಕ್ಕ ಕೊಡಗಟ್ಲೆ, ನನಗ ಮೂರ ಲೋಟ."

ಎಲ್ಲರೂ ನಕ್ಕರು. ನನಗೆ ನಗಲು ಆಗಲಿಲ್ಲ. ಒಣಗಿದ ತುಟಿಯನ್ನು ಅವಳು ನಾಲಿಗೆಯಿಂದ ಸವರಿಕೊಂಡದ್ದನ್ನು ನಾನು ನೋಡಿದ್ದೆ. ಅವತ್ತು ಅರ್ಧ ತಾಸು ತಡವಾಯಿತು, ಅಷ್ಟೇ.

ರೋಣದ ಮಿಸ್ತ್ರಿ ನನ್ನ ಪರಿಚಯದವನೇ. ಬಾನೆಟ್ ಎತ್ತಿ, ಎರಡು ಬೋಲ್ಟು ಬಿಚ್ಚಿ, ಗುಂಡಗಿನ ಒಂದು ಸಾಮಾನು ಹೊರತೆಗೆದು ನನ್ನ ಕೈಗಿಟ್ಟ. ಎಂಜಿನ್ ಕಾಯುವವರೆಗೆ ನೀರನ್ನು ತಡೆದು, ಕಾದ ಮೇಲೆ ಬಿಡುವ ಬಾಗಿಲಂತೆ ಅದು. "ಇದರ ಹೆಸರ ಥರ್ಮೋಸ್ಟಾಟ್ರಿ. ನಮ್ಮ ಕಡೆ ಬಿಸಲಿಗೆ ಇದ ಬ್ಯಾಡ್ರಿ ಸರ. ನಾ ಎಲ್ಲಾ ಗಾಡೀದೂ ತಗದ ಒಗದೀನಿ" ಎಂದ. ನಾನೂ ಅದನ್ನು ತಿಪ್ಪೆಗೆ ಎಸೆದೆ. ಗುರುವಾರ ಬೆಳಿಗ್ಗೆ ಬೆಳವಣಕಿಯವರೆಗೆ ಮುಳ್ಳು ಮೇಲೇಳಲೇ ಇಲ್ಲ. ಗೆದ್ದೆ ಅಂದುಕೊಂಡೆ. ಬರುವಾಗ ಮಧ್ಯಾಹ್ನದ ಬಿಸಿಲಿಗೆ ಅದೇ ಜಾಗದಲ್ಲಿ ಅದೇ ಆವಿ. ಬಿಸಿಯ ಮೇಲೆ ಇದ್ದ ಒಂದು ಹಿಡಿತವೂ ಹೋಗಿ ಗಾಡಿ ಮನಸ್ಸಿಗೆ ಬಂದಂತೆ ಏರಿ ಇಳಿಯತೊಡಗಿತು.

ಆಮೇಲೆ ನರಗುಂದದ ಮಿಸ್ತ್ರಿ. ಅಕ್ಕ ಒಳಗೆ ಮಲಗಿರುವ ನಾಲ್ಕು ತಾಸು ನಾನು ಗಾಡಿಯನ್ನು ಅವನ ಮುಂದೆ ಮಲಗಿಸುತ್ತಿದ್ದೆ. ಒಂದು ವಾರ ರೇಡಿಯೇಟರಿನ ಮುಚ್ಚಳ ಬದಲಾಯಿತು. ಮುಂದಿನ ವಾರ ನೀರು ತಿರುಗಿಸುವ ಪಂಪು ಹೊಸದಾಯಿತು. ಅದರ ಮುಂದಿನ ವಾರ ಒಳಗಿನ ನೀರೆಲ್ಲ ಬಸಿದು ಹಸಿರು ಬಣ್ಣದ ದ್ರವ ತುಂಬಿದೆವು. ಎಂಜಿನ್ನಿನ ತಲೆಯ ಪಟ್ಟಿ, ಅಂದರೆ ಹೆಡ್ ಗ್ಯಾಸ್ಕೆಟ್, ಸುಟ್ಟಿರಬಹುದೇ ಎಂದು ಎಣ್ಣೆ ಕಡ್ಡಿ ಎಳೆದು ನೋಡಿದೆವು, ಹೊಗೆಯ ಬಣ್ಣ ನೋಡಿದೆವು. ಸುಟ್ಟಿರಲಿಲ್ಲ. ಸುಟ್ಟಿದ್ದರೆ ಚೆನ್ನಾಗಿತ್ತು ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡದ್ದುಂಟು. ರೋಗ ಎಷ್ಟೇ ದೊಡ್ಡದಿರಲಿ, ಹೆಸರು ಗೊತ್ತಾದರೆ ಸಾಕಾಗಿತ್ತು. ಬಂದವರೆಲ್ಲ ಮುಂದಿನ ಜಾಲರಿಯೊಳಗೆ ಬ್ಯಾಟರಿಯ ಬೆಳಕು ಬಿಟ್ಟು ನೋಡಿ, "ರೇಡಿಯೇಟರ್ ಸ್ವಚ್ಛ ಐತ್ರಿ" ಎನ್ನುತ್ತಿದ್ದರು. ಸ್ವಚ್ಛ ಇರದೆ ಏನು? ಪ್ರತಿ ಭಾನುವಾರ ಪೈಪು ಹಿಡಿದು ನಾನೇ ತೊಳೆಯುತ್ತಿದ್ದೆ.

ಒಂದು ಉಪಾಯ ಮಾತ್ರ ನಡೆಯಿತು. ಚಳಿಗೆ ಹಾಕುವ ಹೀಟರ್ ಪೂರ್ತಿ ಹಾಕಿದರೆ ಎಂಜಿನ್ನಿನ ಬಿಸಿ ಕಾರಿನ ಒಳಗೆ ಬಂದು ಮುಳ್ಳು ಒಂದು ಗೆರೆ ಇಳಿಯುತ್ತದೆ. ಏಪ್ರಿಲ್ ತಿಂಗಳು, ಕರಿಮಣ್ಣಿನ ಹೊಲಗಳು ಬಿರುಕು ಬಿಟ್ಟು ಬಾಯಿ ತೆರೆದಿವೆ, ನಾವಿಬ್ಬರೂ ಹೀಟರ್ ಹಾಕಿಕೊಂಡು ಕಿಟಕಿ ಇಳಿಸಿಕೊಂಡು ಹೋಗುತ್ತಿದ್ದೇವೆ. ಬಿಸಿಗಾಳಿ ನೇರ ಅಕ್ಕನ ಕಾಲಿನ ಮೇಲೆ. ಊದಿದ ಕಾಲು. ಅವಳು ಸೀರೆಯ ನೆರಿಗೆ ಎತ್ತಿ ಕಾಲನ್ನು ಸೀಟಿನ ಮೇಲೆ ಮಡಚಿಕೊಳ್ಳುತ್ತಿದ್ದಳು. "ಆರಸ್ಲೇನಕ್ಕಾ?" ಎಂದರೆ "ಬ್ಯಾಡ, ಮುಳ್ಳ ಏರತೈತಿ" ಎನ್ನುತ್ತಿದ್ದಳು. ಬಾಯಾರಿಕೆ ಹೇಳಿಕೊಳ್ಳುತ್ತಿರಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡ ಒಂದು ಲವಂಗ ಬಾಯಿಗೆ ಹಾಕಿಕೊಂಡು ಸುಮ್ಮನೆ ಚೀಪುತ್ತಿದ್ದಳು. ಆ ಬಿಸಿಯಲ್ಲಿ ಅವಳನ್ನು ಕೂರಿಸಿಕೊಂಡು ಹೋಗುವಾಗ ನನಗೆ ಗಾಡಿಯ ಮೇಲೆ ಎಂಥ ಸಿಟ್ಟು ಬರುತ್ತಿತ್ತೆಂದರೆ, ಇಳಿದು ಕಲ್ಲಿನಿಂದ ಗಾಜು ಒಡೆಯಬೇಕು ಅನ್ನಿಸುತ್ತಿತ್ತು. ಒಡೆದರೆ ಹೋಗುವುದು ಯಾವುದರಲ್ಲಿ?

ಗಾಡಿ ಪೂರ್ತಿ ಕೈಬಿಟ್ಟದ್ದು ಒಂದು ಸೋಮವಾರ. ಹೊರಟದ್ದೇನೋ ಲಗೂನೇ. ಬೆಳವಣಕಿ ದಾಟಿ ಸ್ವಲ್ಪ ದೂರಕ್ಕೆ ಮುಳ್ಳು ಕೆಂಪಿಗೆ ಹೋಯಿತು. ನಿಲ್ಲಿಸಿ ಆರಲು ಬಿಟ್ಟೆವು. ಹೊರಟೆವು, ಎರಡು ಮೈಲಿಗೆ ಮತ್ತೆ ಕೆಂಪು. ಮೂರನೇ ಸಲ ನಿಂತಾಗ ನನ್ನ ತಾಳ್ಮೆಯೂ ಮುಗಿದಿತ್ತು. ಪೂರ್ತಿ ಆರುವ ಮೊದಲೇ ಮುಚ್ಚಳ ತಿರುಗಿಸಿದೆ. ಕುದಿಯುವ ನೀರು ಮುಂಗೈ ಮೇಲೆ ಹಾರಿತು. ಕೈ ಝಾಡಿಸುತ್ತ ರಸ್ತೆಯ ಮಧ್ಯೆ ಕುಣಿದೆ. ಅಕ್ಕ ಇಳಿದು ಬಂದು ತನ್ನ ಬಾಟಲಿಯಲ್ಲಿದ್ದ ಆ ದಿನದ ನೀರನ್ನೆಲ್ಲ ನನ್ನ ಕೈ ಮೇಲೆ ಸುರಿದುಬಿಟ್ಟಳು. ಬೇಡ ಎಂದು ಕೂಗಿದೆ, ಕೇಳಲಿಲ್ಲ. ಮತ್ತೆ ಚಾವಿ ತಿರುಗಿಸಿದರೆ ಎಂಜಿನ್ ಕೆಮ್ಮಿ ಸುಮ್ಮನಾಯಿತು.

ಒಂದು ಬಸ್ಸು ತುಂಬಿಕೊಂಡು ನಿಲ್ಲದೆ ಹೋಯಿತು. ಕೊನೆಗೆ ಹಿಂಡಿ ಚೀಲ ಹೇರಿಕೊಂಡ ಟಂಟಂ ಆಟೋದವನು ನಿಲ್ಲಿಸಿದ. ಅಕ್ಕ ಚಾಲಕನ ಪಕ್ಕ, ನಾನು ಹಿಂದೆ ಚೀಲಗಳ ಮೇಲೆ. ನರಗುಂದ ಮುಟ್ಟಿದಾಗ ಹನ್ನೆರಡೂವರೆ. ಒಳಗಿದ್ದ ಸಿಸ್ಟರ್ ಗಡಿಯಾರ ನೋಡಿದಳು, ಬೆಂಚಿನ ಮೇಲೆ ಕೂತಿದ್ದ ಮುಂದಿನ ಪಾಳಿಯವರನ್ನು ನೋಡಿದಳು. ಬಾಗಲಕೋಟೆ ಕಡೆಯ ಹಳ್ಳಿಯ ಹುಡುಗಿ, ಮದುವೆಯ ವಯಸ್ಸು, ಮುಖವೆಲ್ಲ ಊದಿದೆ. "ಒಂದೂವರಿ ತಾಸ ಮಾಡೋಣ್ರಿ. ಅವ್ರಿಗೂ ಬೇಕಲ್ರಿ" ಎಂದಳು ಸಿಸ್ಟರ್. ಹೌದ್ರಿ ಎಂದೆ. ಆ ಹುಡುಗಿಯ ಎದುರು ನಿಂತು ನಮಗೆ ಹೆಚ್ಚು ಕೊಡಿ ಎಂದು ಕೇಳುವ ಮುಖ ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವಾಗ ಅಕ್ಕನ ಸೊಸೆಯ ಫೋನು. "ಮಾವಾರ, ಅತ್ತ್ಯಾರಿಗೆ ಮಲಗಾಕ ಬರವಲ್ದ್ರಿ. ಮಲಗಿದ್ರ ಉಸರ ಹಿಡೀತೈತಂತ, ಗ್ವಾಡಿಗೆ ಆನಸ್ಕೊಂಡ ಕುಂತಾರ." ಬಾಡಿಗೆ ಗಾಡಿಯಲ್ಲಿ ಓಡಿದೆವು. ಡಾಕ್ಟರು ಹೆಚ್ಚುವರಿ ಪಾಳಿಯಲ್ಲಿ ಅವಳನ್ನು ಮಲಗಿಸಿ ನೀರು ಇಳಿಸಿದರು. ಇನ್ನು ಮೇಲೆ ವಾರಕ್ಕೆ ಮೂರು ಸಲ ಬರಬೇಕು ಎಂದರು. ನಿನ್ನೆ ತಡವಾದದ್ದಕ್ಕೇ ಹೀಗಾಯಿತೇ ಎಂದು ನಾನು ಕೇಳಿದೆ. "ಹಂಗಂತ ಹೇಳಾಕ ಬರೂದಿಲ್ರಿ. ಆಗೂದಿತ್ತು, ಆಗೇತಿ" ಎಂದರು. ಅವರು ಸಮಾಧಾನಕ್ಕೆ ಹೇಳಿದರೋ ಖರೇನೇ ಹೇಳಿದರೋ ನನಗೆ ಇಂದಿಗೂ ಗೊತ್ತಿಲ್ಲ. ನಾನಂತೂ ನಂಬಲಿಲ್ಲ.

ಟ್ರ್ಯಾಕ್ಟರಿನಿಂದ ಎಳೆಸಿ ತಂದ ಗಾಡಿಯನ್ನು ರೋಣದ ಮಿಸ್ತ್ರಿ ಹೇಗೋ ಚಾಲೂ ಮಾಡಿಕೊಟ್ಟ. ಗುರುವಾರ ಎಂಟೂವರೆಗೆ ಅಕ್ಕನ ಮನೆ ಮುಂದೆ ಹೋಗಿ ಹಾರ್ನ್ ಹೊಡೆದರೆ ಬಾಗಿಲಿಗೆ ಕೀಲಿ. ಪಕ್ಕದ ಮನೆಯವರು, "ಎಂಟರ ಬಸ್ಸಿಗೆ ಹೋದ್ರಲ್ರಿ, ನಿಮಗ ಹೇಳಿಲ್ಲೇನು?" ಎಂದರು. ಬೆನ್ನಟ್ಟಿ ಹೋದೆ. ದಾರಿಯಲ್ಲಿ ಒಂದು ಸಲ ಆರಿಸಿಕೊಂಡು ನರಗುಂದ ಮುಟ್ಟುವಷ್ಟರಲ್ಲಿ ಅವಳು ಹಾಸಿಗೆಯ ಮೇಲೆ ಮಲಗಿ ಅರ್ಧ ತಾಸಾಗಿತ್ತು. ನನ್ನ ಬಾಯಿಗೆ ಸಿಟ್ಟೇ ಮೊದಲು ಬಂತು. ನಾನೇನು ಸತ್ತು ಹೋಗಿದ್ದೆನೇ, ನಿಂತುಕೊಂಡು ಬಸ್ಸಿನಲ್ಲಿ ಬರುವಂಥದ್ದೇನಾಗಿತ್ತು ಎಂದು ಬೈದೆ.

"ನಿನ್ನ ಮಾರಿ ನೋಡಾಕ ಆಗವಲ್ದೋ ತಮ್ಮಾ," ಎಂದಳು ಅಕ್ಕ. "ನನ್ನ ಜಡ್ಡ ನಾ ತಡಕೋತೀನಿ. ದಾರಿ ತುಂಬಾ ನೀ ಆ ಮುಳ್ಳ ನೋಡಿ ನೋಡಿ ಸಾಯೂದನ್ನ ತಡಕೊಳ್ಳಾಕ ಆಗೂದಿಲ್ಲ."

ನಾನು ಹೊರಗೆ ಬಂದು ಬೇವಿನ ಗಿಡದ ಕೆಳಗೆ ನಿಂತು ಅತ್ತೆ. ಅರವತ್ತರ ಹತ್ತಿರ ಬಂದ ಗಂಡಸು, ಜನ ನೋಡುತ್ತಿದ್ದರು, ನೋಡಲಿ ಎಂದೇ ಅತ್ತೆ.

ಗಜೇಂದ್ರಗಡದಲ್ಲಿ ರೇಡಿಯೇಟರ್ ರಿಪೇರಿಯನ್ನಷ್ಟೇ ಮಾಡುವ ಮುದುಕರೊಬ್ಬರಿದ್ದಾರೆಂದು ತಿಳಿದದ್ದು ಅವತ್ತು ಸಂಜೆ, ನನ್ನ ಅಂಗಡಿಯಲ್ಲೇ. ಟ್ರ್ಯಾಕ್ಟರಿನ ಕಾಗದ ಜೆರಾಕ್ಸ್ ಮಾಡಿಸಲು ಬಂದವರೊಬ್ಬರು ನನ್ನ ಮುಂಗೈಯ ಬೊಬ್ಬೆ ನೋಡಿ ಕಥೆ ಕೇಳಿದರು. "ಎಂಜಿನ್ ಮಿಸ್ತ್ರಿಗೆ ತೋರಿಸಿದ್ರಿ. ಬರೇ ರೇಡಿಯೇಟರ್ ಕೆಲಸಾ ಮಾಡವ್ರಿಗೆ ತೋರಿಸಿದ್ರೇನು?" ಎಂದರು. ಮರುದಿನ ಶುಕ್ರವಾರ ನಸುಕಿನ ತಂಪಿನಲ್ಲಿ ಹೊರಟೆ. ಗುಡ್ಡದ ಮೇಲಿನ ಗಾಳಿಯಂತ್ರಗಳು ಕಾಣುವ ಹೊತ್ತಿಗೆ ಮುಳ್ಳು ಏರಿತ್ತು. ನಿಂತು, ಆರಿಸಿ, ಮತ್ತೆ ಹೊರಟು, ಅಂತೂ ಮುಟ್ಟಿದೆ.

ತಗಡಿನ ಒಂದು ಶೆಡ್ಡು. ಒಳಗೆ ಟ್ರ್ಯಾಕ್ಟರು ಲಾರಿಗಳ ರೇಡಿಯೇಟರುಗಳು ಗೋಡೆಗೆ ಒರಗಿ ನಿಂತಿದ್ದವು. ಬಿಳಿ ಗಡ್ಡದ ಚಾಚಾ ಬೆಸುಗೆ ಕೆಲಸ ಬಿಟ್ಟು ಎದ್ದು ಬಂದರು. ನಾನು ಥರ್ಮೋಸ್ಟಾಟಿನಿಂದ ಶುರುಮಾಡಿ ಕಥೆ ಹೇಳತೊಡಗಿದರೆ ಕೈಯೆತ್ತಿ ನಿಲ್ಲಿಸಿದರು.

"ಒಂದ ಹಾಳಿ ಕೊಡ್ರಿ ಸಾಹೇಬ್ರ. ಪೇಪರ್."

ನನ್ನ ಗಾಡಿಯಲ್ಲಿ ಹಾಳೆಗೆ ಬರವೇ? ಒಂದು ಬಿಳಿ ಹಾಳೆ ಕೊಟ್ಟೆ. ಎಂಜಿನ್ ಚಾಲೂ ಇಡಲು ಹೇಳಿ, ಫ್ಯಾನ್ ತಿರುಗುವವರೆಗೆ ಕಾದು, ಆ ಹಾಳೆಯನ್ನು ಮುಂದಿನ ಜಾಲರಿಯ ಮೇಲಿಟ್ಟು ಕೈಬಿಟ್ಟರು. ಹಾಳೆ ಜಾರಿ ನೆಲಕ್ಕೆ ಬಿತ್ತು. ಎತ್ತಿ ಮತ್ತೆ ಇಟ್ಟರು, ಮತ್ತೆ ಬಿತ್ತು.

"ನೋಡ್ರಿ, ಫ್ಯಾನ್ ಗಾಳಿ ಎಳದಿದ್ರ ಹಾಳಿ ಅಲ್ಲೇ ಅಂಟಿ ನಿಲ್ಲಬೇಕಿತ್ತು," ಎಂದರು. "ನಿಮ್ಮ ಗಾಡಿಗೆ ನೀರ ಐತಿ, ಉಸರ ಇಲ್ಲ."

ಎರಡು ತಾಸು ಹಿಡಿಯಿತು. ಮುಂದಿನ ಬಂಪರ್ ಬಿಚ್ಚಿದರು. ಎಸಿಯ ಜಾಲರಿ ಮುಂದೆ, ರೇಡಿಯೇಟರ್ ಅದರ ಹಿಂದೆ ಎಂಬುದು ನನಗೆ ಅವತ್ತೇ ತಿಳಿದದ್ದು. ನಾನು ಭಾನುವಾರಕ್ಕೊಮ್ಮೆ ತೊಳೆಯುತ್ತಿದ್ದದ್ದು, ಎಲ್ಲರೂ ಬ್ಯಾಟರಿ ಬಿಟ್ಟು ನೋಡಿ ಸ್ವಚ್ಛ ಎನ್ನುತ್ತಿದ್ದದ್ದು ಎಸಿಯ ಜಾಲರಿಯನ್ನು. ಎರಡನ್ನೂ ಬೇರೆ ಮಾಡಿದಾಗ ನಡುವೆ, ರೇಡಿಯೇಟರಿನ ಮೈಮೇಲೆ, ಸಂದಿಯಿಂದ ಒಳಹೊಕ್ಕ ಹೊಟ್ಟು ಕಂಬಳಿಯಷ್ಟು ದಪ್ಪಗೆ ಮೆತ್ತಿತ್ತು. ನನ್ನ ಭಾನುವಾರದ ನೀರು ಅದನ್ನು ನೆನೆಸಿ ನೆನೆಸಿ ಗಟ್ಟಿ ಮಾಡಿತ್ತು. ಚಾಚಾ ಒಂದು ತುಣುಕು ಕಿತ್ತು ಬೆರಳಲ್ಲಿ ಉಜ್ಜಿ ಮೂಸಿದರು.

"ಕಡ್ಲಿ ಹೊಟ್ಟರಿ ಇದು. ರಾಶಿ ಮ್ಯಾಲ ಗಾಡಿ ಹಾಯಿಸಿದ್ರೇನು?"

ನಾನು ಅಲ್ಲೇ ಇದ್ದ ಟೈರಿನ ಮೇಲೆ ಕೂತುಬಿಟ್ಟೆ.

ನಮ್ಮ ಕಡೆ ಕಟಾವಾದ ಬೆಳೆಯನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ. ಹೋಗಿಬರುವ ಗಾಡಿಗಳ ಗಾಲಿಗೆ ಸಿಕ್ಕಿ ಕಾಳು ಉದುರಲಿ ಎಂದು. ಬೈಕಿನವರು ಬೈಯುತ್ತಾರೆ, ಆದರೂ ಹಾಯುತ್ತಾರೆ. ಆ ವರ್ಷ, ಶಿವರಾತ್ರಿಗೆ ಸ್ವಲ್ಪ ಮೊದಲು, ಅಕ್ಕನ ಎರಡೆಕರೆಯ ಕಡಲೆ ಒಕ್ಕಲು ಯಂತ್ರ ಸಿಗಲಿಲ್ಲ. ಊರ ಹೊರಗೆ ರಸ್ತೆಯ ಮೇಲೆ ಸೊಸೆ ಕಡಲೆ ಗಿಡ ಹರವಿದ್ದಳು. ಡಯಾಲಿಸಿಸ್ ಯಂತ್ರಕ್ಕೆ ತೋಳು ಕೊಟ್ಟು ಬಂದ ಮರುದಿನ, ಅಕ್ಕ ಕೋಲು ಹಿಡಿದು ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದಳು. ನಾನು ಅವಳನ್ನು ನೋಡಲು ಹೋದವನು. "ತಮ್ಮಾ, ಗಾಡಿ ಹಾಯಿಸೋ ಒಂದ ನಾಕ ಸಲ" ಎಂದು ಕೂಗಿದಳು. ನಾಲ್ಕಲ್ಲ, ನಲವತ್ತು ಸಲ ಹಾಯಿಸಿದೆ. ಆ ತುದಿಗೆ ಹೋಗಿ ತಿರುಗಿಸುವುದು, ಈ ತುದಿಗೆ ಬಂದು ತಿರುಗಿಸುವುದು. ಹಳದಿ ಧೂಳು ಎದ್ದು ಗಾಜು ಮುಚ್ಚುತ್ತಿತ್ತು. ಅಕ್ಕ ಎದ್ದು ನಿಂತು, ಕೋಲಾಡಿಸುತ್ತ, ಹೋಗುವವರಿಗೆಲ್ಲ "ನಮ್ಮ ತಮ್ಮನ ಕಾರ" ಎಂದು ಹೇಳುತ್ತಿದ್ದಳು. ಜಡ್ಡು ಬಿದ್ದ ಮೇಲೆ ಅಷ್ಟು ಖುಷಿಯಾಗಿ ಅವಳನ್ನು ನಾನು ನೋಡಿರಲಿಲ್ಲ. ಆ ಒಂದು ಮಧ್ಯಾಹ್ನವನ್ನು ಗಾಡಿಗೆ ಏನಾದರೂ ಆಗಿದ್ದರ ಲೆಕ್ಕದಲ್ಲಿ ನಾನು ಹಿಡಿದೇ ಇರಲಿಲ್ಲ. ಯಾವ ಮಿಸ್ತ್ರಿಗೂ ಹೇಳಿರಲಿಲ್ಲ.

ಚಾಚಾ ಹೊಟ್ಟನ್ನೆಲ್ಲ ಕೆರೆದು ತೆಗೆದು, ಗಾಳಿ ಹೊಡೆದು, ಜೋಡಿಸಿ, ಮತ್ತೆ ಅದೇ ಹಾಳೆ ಇಟ್ಟರು. ಹಾಳೆ ಪಟ್ಟನೆ ಅಂಟಿಕೊಂಡಿತು. ನನಗೆ ಸಂತೋಷವಾಗಬೇಕಿತ್ತು. ಅಕ್ಕನಿಗೆ ಏನು ಹೇಳುವುದು ಎಂಬ ಹೆದರಿಕೆಯೇ ಮೊದಲು ಬಂತು. ತನ್ನ ಕಡಲೆ ರಾಶಿಯೇ ತನ್ನ ಪಾಳಿ ತಪ್ಪಿಸಿತು, ತನ್ನ ಉಸಿರಿಗೆ ಬಂದು ಕೂತಿತು ಎಂದು ಅವಳಿಗೆ ತಿಳಿದರೆ, ಆ ಖುಷಿಯ ಮಧ್ಯಾಹ್ನವೂ ಅವಳ ಪಾಲಿಗೆ ಉಳಿಯುವುದಿಲ್ಲ.

ಶನಿವಾರ, ಹೊಸದಾಗಿ ಸೇರಿದ ಮೂರನೇ ಪಾಳಿ. ಕರೆದುಕೊಂಡು ಹೋಗಲು ಬಂದೆ. ಬೆಳವಣಕಿ ದಾಟಿದೆವು. ಮುಳ್ಳು ನಡುವೆ ನಿಂತದ್ದು ನಿಂತೇ ಇತ್ತು. ಹೀಟರ್ ಇಲ್ಲ, ಎಸಿಯ ತಂಪು. ಅಕ್ಕ ಎಂದಿನಂತೆ ನನ್ನ ಮುಖ ನೋಡಿದಳು.

"ಚಲೋ ಆತೇನೋ?"

"ಆತಕ್ಕಾ."

"ಏನಾಗಿತ್ತಂತ?"

"ಒಂದ ಪೈಪ್ ಕಟ್ಟಿಕೊಂಡಿತ್ತು," ಎಂದೆ. ರಸ್ತೆ ನೋಡುತ್ತ ಹೇಳಿದೆ.

ಅವಳು ತೃಪ್ತಿಯಿಂದ ಸೀಟಿಗೆ ಒರಗಿ ಕಾಲು ಚಾಚಿದಳು. ಊತ ಇಳಿದಿರಲಿಲ್ಲ. ಚರ್ಮ ಬಿಗಿದು ಹೊಳೆಯುತ್ತಿತ್ತು. ನನ್ನ ಗಾಡಿಗೆ ಒಂದು ಹಾಳೆ ಸಾಕಾಯಿತು, ಇವಳಿಗೆ ಏನು ಹಿಡಿದು ನೋಡಲಿ ಎಂದುಕೊಳ್ಳುತ್ತಿದ್ದೆ. ಎರಡೂ ಬದಿಗೆ ಖಾಲಿ ಹೊಲ. ಅವಳು ಅದನ್ನೇ ನೋಡುತ್ತಿದ್ದಳು.

"ಹಂಗಾದ್ರ ಮುಂದಿನ ವರ್ಸ ಕಡ್ಲಿ ರಾಶಿಗೆ ಮಷೀನ್ ಹೇಳೂದ ಬ್ಯಾಡ," ಎಂದಳು. "ನಿನ್ನ ಗಾಡೀನ ಹಾಯಿಸಬೇಕ ನೋಡ. ನಾ ಕಲ್ಲಿನ ಮ್ಯಾಲ ಕುಂತ ನೋಡ್ತೀನಿ. ಹಾಯಿಸ್ತಿ ಹೌದಿಲ್ಲೋ?"

ಮುಂದಿನ ವರ್ಷದ ಮಾತನ್ನು ಅವಳ ಬಾಯಿಂದ ಕೇಳಿ ಎಷ್ಟೋ ತಿಂಗಳಾಗಿತ್ತು.

"ಹಾಯಿಸ್ತೀನಕ್ಕಾ," ಎಂದೆ. "ನೀ ಸಾಕ ಅನ್ನೂಮಟಾ ಹಾಯಿಸ್ತೀನಿ."